ಮೂರು ಸಲ ಒತ್ತಿದ್ದು

ಎಂಟು ದಿನಕ್ಕೊಮ್ಮೆ ನೀರು ಬರೂ ಊರಾಗ
ನೀರು ಬಂತು ಅನ್ನೂ ಸುದ್ದಿ ಮೂರು ಸಲ ಬರತಿತ್ತು.
ಹಳೇ ಹುಬ್ಬಳ್ಳಿಯಿಂದ ಫೋನು:
"ಮೇಡಂ, ಮೆಸೇಜು ಮೂರು, ನಳ ಒಂದು,
ಉಳಿದೆರಡು ನೀರು ಎಲ್ಲಿ ಹರದು ಹೋತು?"
ನಕ್ಕೆ. ನಕ್ಕದ್ದು ತಪ್ಪು.

ದಾವಲಸಾಬಗ ಕೇಳಿದ್ರ ಅಂದ:
"ಇಪ್ಪತ್ತಾರು ವರ್ಷ ವಾಲ್ವು ತಿರುವೇನ್ರಿ.
ಪಾನಾದಿಂದ ಪೈಪಿಗೆ ಬಡದು ಓಣಿ ಎಬ್ಬಸಾಂವ ನಾನು.
ಒಂದು ಸಲ ಬಡದ್ರ ನಾಯಿ ತಗಡಿಗೆ ಹಾಯ್ತು ಅಂತಾರ,
ಎರಡು ಸಲಕ್ಕ ಯಾರೋ ಕುಡದು ಬಂದಾನ ಅಂತಾರ,
ಮೂರಕ್ಕ ನೀರು."
ಈಗ ಅಂವನ ಕೈಯಾಗ ನಾವು ಕೊಟ್ಟದ್ದು ಬಟನ್ನು.
ಅದನ್ನೂ ಮೂರು ಸಲ ಒತ್ತತಾನ.

ಡೇಟಾಬೇಸಿಗೆ ಒಂದು ಗುಣ ಐತಿ.
ಒಂದಽ ಗಂಟಿನಾಗ ಕಟ್ಟಿ ಕೊಟ್ರ
ಅಕ್ಷರಕ್ಕ ಅಕ್ಷರ ಕೂಡಿದ ಮಾತು ಎಷ್ಟಿದ್ರೂ
ಒಂದು ಸಲ ಅಷ್ಟಽ ಹೇಳತೈತಿ.
ಗಂಟು ಬಿಚ್ಚೂತನಕ ತುಟಿ ಪಿಟಕ್ ಅನ್ನೂದಿಲ್ಲ,
ಕಮಿಟ್ ಆದಮ್ಯಾಲ ಬಾಯಿ ತೆಗೀತೈತಿ.
ಇಂಥ ಸಂಯಮ ನಮ್ಮ ಮನಿತನದಾಗ ಯಾರಿಗೂ ಇಲ್ಲ.
ಐದೈದು ನಿಮಿಷದ ಒತ್ತು ಎಲ್ಲಾ ಸೇರಿಸಿ
ಒಂದಽ ಟ್ರಾನ್ಸಾಕ್ಷನ್ನಿನಾಗ ಕಟ್ಟಿದೆ.
ಮೂರು ಒಂದಾತು.
ಸಾಹೇಬರು ಎಲ್ಲಾರಿಗೂ ಗಿರ್ಮಿಟ್ ತರಿಸಿದ್ರು.

ಮಂಗಳವಾರ, ನಸುಕಿನ ಮೂರು ಹನ್ನೆರಡು.
ಇತ್ತ ದಾವಲಸಾಬ, ಅತ್ತ ಅಂವನ ಅಳಿಯ ಹಜರತಲಿ
ಎರಡು ವಾಲ್ವು ತಿರುವಿದ್ರು.
ಎರಡೂ ಹನುಮಪ್ಪನ ಗುಡಿ ಓಣಿ.
ಹುಬ್ಬಳ್ಳ್ಯಾಗ ಹನುಮಪ್ಪ ಇಲ್ಲದ ಓಣಿ ತೋರಸ್ರಿ ನೋಡೂಣು.

ಹನುಮಪ್ಪನ ಗುಡಿ ಓಣಿಗೆ ನೀರು ಬಂತು.
ಹನುಮಪ್ಪನ ಗುಡಿ ಓಣಿಗೆ ನೀರು ಬಂತು.

ಯಂತ್ರ ಒಂದು ಇಟಗೊಂತು, ಒಂದು ನುಂಗಿತು.
ಒಂದು ಓಣಿ ಎದ್ದು ಕೊಡ ಸಾಲು ಹಚ್ಚಿತು.
ಇನ್ನೊಂದರಾಗ ತೋಟಿ ಇಲ್ಲದ ನಳ
ಎರಡು ತಾಸು ಗಟಾರದ ಜೋಡಿ ಮಾತಾಡಿತು.

ಹತ್ತೂವರಿಗೆ ಗಿರಿಯವ್ವ ಮುಳಗುಂದ ಬಂದಳು,
ಖಾಲಿ ಕೊಡ ತಂದು ನನ್ನ ಕೀಬೋರ್ಡಿನ ಮ್ಯಾಲ ಇಟ್ಟಳು.
ಪರದೆ ತುಂಬ ಜಜಜಜಜಜ ಅಂತ ಓಡಿತು.
"ಏನವಾ, ನಿನ್ನ ಮಿಷನ್ನಿಗೆ
ಎರಡು ಹನುಮಪ್ಪ ಒಂದಽ ಏನು?"
ದೇವರು ಒಬ್ಬನಽ ಅಂತ ಹೇಳಬಹುದಿತ್ತು.
ಕೊಡದ ತಳದಾಗ ಹೋದ ಸರದಿಯ ನೀರಿನ
ಬಿಳೀ ಗೆರಿ ಇತ್ತು. ಹೇಳಲಿಲ್ಲ.

ಮಾತು ಒಂದಽ ಅಂದ್ರ ಸುದ್ದಿ ಒಂದಽ ಅಲ್ಲ.
ಅವತ್ತು ರಾತ್ರಿ ಕುಂತು ಒಂದೊಂದು ಒತ್ತಿಗೂ ನಂಬರು ಹಚ್ಚಿದೆ.
ನಂಬರು ಬ್ಯಾರೆ, ಮಾತು ಬ್ಯಾರೆ ಆತು,
ಮರುದಿನ ಮತ್ತ ಮೂರು ಮೂರು.
ಮತ್ತ ಫೋನು: "ಮೇಡಂ, ಉಳಿದೆರಡು..."
ಅಳಿಸಿದೆ. ಒತ್ತಿಗಲ್ಲ, ವಾಲ್ವಿಗೆ ನಂಬರು ಕೊಟ್ಟೆ,
ವಾಲ್ವಿನ ಸರದಿಗೆ ಇನ್ನೊಂದು.
ಹದಿನೇಳನೇ ವಾಲ್ವಿನ ನಲವತ್ತನೇ ಸರದಿ
ಎಷ್ಟು ಸಲ ಒತ್ತಿದ್ರೂ ನಲವತ್ತನೇದಽ.
ಹದಿನೆಂಟನೇ ವಾಲ್ವಿನ ಹನುಮಪ್ಪ
ಹದಿನೆಂಟನೇ ವಾಲ್ವಿನ ಹನುಮಪ್ಪ.

ಎಲ್ಲಾ ಮುಗಿಸಿ ಚಾ ಕುಡಿಯೂವಾಗ ಅನಸ್ತು,
ನಮ್ಮ ಮಂದಿ ಯಾವಾಗ ಯಾವುದನ್ನ ಒಂದು ಸಲ ಅಂದಾರ?
ಬಾ ಬಾ ಅಂತಾರ, ಕುಂಡ್ರು ಕುಂಡ್ರು ಅಂತಾರ,
ಬರತೇನಿ ಅಂತ ನಾಲ್ಕು ಸಲ ಹೇಳಿ
ಹೊಸ್ತಿಲದಾಗ ನಿಂತು ಇನ್ನೊಂದು ಕಥಿ ತೆಗೀತಾರ.
ಎರಡನೇ "ಬಾ" ಇಲ್ಲದ ಮನಿಗೆ
ಯಾರು ಹೋಗತಾರ?

ಗಿರಿಯವ್ವನ ಫೋನಿಗೆ ಈಗ ಒಂದಽ ಸಲ ಬರತೈತಿ.
ಆಕಿ ಓದೂದಿಲ್ಲ, ಸಪ್ಪಳಕ್ಕ ಏಳತಾಳ,
ಕಟ್ಟಿಗೆ ಬಂದು ಬಂತಽ ಬಂತು ನೀರು ಬಂತು ಅಂತ
ಓಣಿ ತುದಿಗೆ ಮುಟ್ಟೂ ಹಂಗ ಒದರತಾಳಂತ.

ದಾವಲಸಾಬ ಇನ್ನೂ ಮೂರು ಸಲ ಒತ್ತತಾನ.
ಬ್ಯಾಡ ಅಂತ ಹೇಳಾಕ ಹೋಗಿಲ್ಲ ನಾನು.
ಕಳಿಸದ ಎರಡನ್ನ ಅಳಿಸೂದಿಲ್ಲ,
ಯಾರೂ ಕೇಳದ ಒಂದು ಟೇಬಲ್ಲಿನಾಗ ಇಟ್ಟೀನಿ.
ನಿನ್ನಿ ತೆಗದು ನೋಡಿದೆ: ಎರಡು ನಲವತ್ತರ
ನಾಲ್ಕನೇ ಸೆಕೆಂಡು, ಐದನೇದು, ಹನ್ನೊಂದನೇದು.
ಐದಕ್ಕೂ ಹನ್ನೊಂದಕ್ಕೂ ನಡುವ
ಅಂವ ಯಾವುದೋ ಕಿಟಕಿ ನೋಡಿರಬೇಕು,
ದೀಪ ಹತ್ತತೈತೇನು ಅಂತ.